ಬೆಟ್ಟದ ನಿಜವಾದ ನೆತ್ತಿ ಎಲ್ಲಿದೆ? ಲಿಡಾರ್ ಅಳತೆಯಿಂದ ಶಿಖರಬಿಂದು ಗುರುತಿಸುವ ಕ್ರಮ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಹೋದವರಲ್ಲಿ ಬಹಳಷ್ಟು ಮಂದಿ ಕಿಂಡರ್ ಲೋ ಎಂಬಲ್ಲಿರುವ ಸರ್ವೆ ಕಂಬವನ್ನು ಮುಟ್ಟಿ, ಅದರ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು, ಬೆಟ್ಟದ ತುದಿ ತಲುಪಿದೆವೆಂಬ ಸಮಾಧಾನದಿಂದ ಇಳಿದುಬರುತ್ತಾರೆ. ಆ ಕಂಬವಿರುವ ಜಾಗದ ಎತ್ತರ 633 ಮೀಟರ್, ಬೆಟ್ಟದ ಎತ್ತರವಾದರೋ 636 ಮೀಟರ್. ಉಳಿದ 3 ಮೀಟರ್ ಅಲ್ಲಿಂದ ಈಶಾನ್ಯಕ್ಕೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕಪ್ಪು ಪೀಟ್ ಮಣ್ಣಿನ ಕೊರಕಲುಗಳ ನಡುವೆ, ಯಾವ ಗುರುತೂ ಇಲ್ಲದ ಬಯಲಿನಲ್ಲಿದೆ. ಬ್ರಿಟನ್ನಿನ ಸರ್ವೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆ 1936ರಿಂದ ಮುಂದಕ್ಕೆ ಆರು ಸಾವಿರಕ್ಕೂ ಹೆಚ್ಚು ಇಂಥ ಕಂಬಗಳನ್ನು ನಿಲ್ಲಿಸಿದ್ದು ಒಂದರಿಂದ ಇನ್ನೊಂದು ಕಾಣಿಸಿ ಕೋನ ಅಳೆಯಲು ಅನುಕೂಲವಾಗಲೆಂದೇ ಹೊರತು, ಚಾರಣಿಗರಿಗೆ ನೆತ್ತಿ ತೋರಿಸಲೆಂದಲ್ಲ. ಆದ್ದರಿಂದ ಕಂಬವನ್ನು ನಂಬಿ ಮೋಸಹೋದರೆ ತಪ್ಪು ಕಂಬದ್ದಲ್ಲ.

ಇಂದು ಈ ಪ್ರಶ್ನೆಯನ್ನು ಮನೆಯಲ್ಲೇ ಕುಳಿತು ಬಹುಮಟ್ಟಿಗೆ ಬಿಡಿಸಬಹುದು. ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿ ವಿಮಾನದಿಂದ ಲೇಸರ್ ಹಾಯಿಸಿ ಸಂಗ್ರಹಿಸಿದ ನೆಲದ ಅಳತೆಗಳನ್ನು (ಈ ವಿಧಾನಕ್ಕೇ ಲಿಡಾರ್ ಎಂದು ಹೆಸರು) 2015ರಿಂದ ಯಾರು ಬೇಕಾದರೂ ಹಣ ಕೊಡದೆ ಬಳಸುವಂತೆ ಬಿಟ್ಟಿದೆ. ಮುಖ್ಯವಾಗಿ ಪ್ರವಾಹದ ಅಪಾಯ ಅಂದಾಜು ಮಾಡುವುದಕ್ಕೆಂದು ಆರಂಭವಾದ ಈ ಕೆಲಸ, ಬೆಟ್ಟಗಳ ಪಟ್ಟಿ ಹಿಡಿದು ಒಂದೊಂದನ್ನೇ ಹತ್ತಿ ಗೀಟು ಹಾಕುವ ಹವ್ಯಾಸಿಗಳಿಗೆ ಅನಿರೀಕ್ಷಿತವಾಗಿ ಒದಗಿಬಂತು. ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯಕ್ಕೆ ಬೆಟ್ಟ ಹತ್ತುವವರು ಸಾಕಷ್ಟು ಇರುವುದರಿಂದ, ಕಿಂಡರ್ ಸ್ಕೌಟನ್ನೇ ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಲೇಸರ್ ಏನನ್ನು ಅಳೆಯುತ್ತದೆ

ವಿಮಾನದಲ್ಲಿರುವ ಉಪಕರಣವು ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ನೆಲಕ್ಕೆ ಕಳುಹಿಸಿ, ಅವು ಮರಳಿ ಬರಲು ಹಿಡಿದ ಕಾಲವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ಹೋಗಿಬರುವ ದಾರಿಯನ್ನು ಅರ್ಧ ಮಾಡಿದರೆ ಒಂದು ನ್ಯಾನೊಸೆಕೆಂಡಿನ ವ್ಯತ್ಯಾಸ 15 ಸೆಂಟಿಮೀಟರಿಗೆ ಸಮವಾಗುತ್ತದೆ. ಒಂದೇ ಮಿಡಿತದ ಒಂದು ಪಾಲು ಮರದ ಎಲೆಗೆ ತಾಗಿ ಮೊದಲು ಹಿಂತಿರುಗಿದರೆ, ಇನ್ನೊಂದು ಪಾಲು ಎಲೆಗಳ ಸಂದಿಯಿಂದ ನುಸುಳಿ ನೆಲ ಮುಟ್ಟಿ ತಡವಾಗಿ ಹಿಂತಿರುಗಬಹುದು. ಈ ಬಿಂದುಗಳನ್ನೆಲ್ಲ ಜರಡಿ ಹಿಡಿದು ಎರಡು ಬಗೆಯ ಪದರಗಳನ್ನು ಸಿದ್ಧಪಡಿಸುತ್ತಾರೆ. ಮರ, ಮನೆ, ಗೋಡೆಗಳನ್ನೆಲ್ಲ ಒಳಗೊಂಡ ಮೇಲ್ಮೈಯ ಪದರಕ್ಕೆ ಡಿಎಸ್‌ಎಂ ಎಂದೂ, ಅವನ್ನು ತೆಗೆದುಹಾಕಿ ಬರಿಯ ನೆಲವನ್ನು ತೋರಿಸುವ ಪದರಕ್ಕೆ ಡಿಟಿಎಂ ಎಂದೂ ಹೆಸರು. ನೆತ್ತಿ ಹುಡುಕುವವರಿಗೆ ಮುಖ್ಯವಾಗಿ ಬೇಕಾದದ್ದು ಡಿಟಿಎಂ, ಆದರೆ ಡಿಎಸ್‌ಎಂ ಇಲ್ಲದೆ ಅದನ್ನು ನಂಬಬಾರದು. ಕಾರಣ ಮುಂದೆ ತಿಳಿಯುತ್ತದೆ.

ಈ ಪದರದಲ್ಲಿ ನೆಲವನ್ನು 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕಕ್ಕೂ ಒಂದೇ ಎತ್ತರವನ್ನು ಕೊಟ್ಟಿರುತ್ತಾರೆ. ಆ ಚೌಕದೊಳಗೆ ಮೊಳಕಾಲೆತ್ತರದ ಚೂಪು ಕಲ್ಲೊಂದಿದ್ದರೂ ಅದರ ತುದಿಯ ಎತ್ತರ ಅಲ್ಲಿ ಪೂರ್ತಿಯಾಗಿ ದಾಖಲಾಗುವುದಿಲ್ಲ. ಹೀಗಾಗಿ ಹುಲ್ಲುಬೆಟ್ಟಗಳ ವಿಷಯದಲ್ಲಿ ಲಿಡಾರ್ ಬಹಳ ನಂಬಿಕಸ್ಥ, ಬಂಡೆಗಳ ತುದಿಗಳ ವಿಷಯದಲ್ಲಿ ಅಷ್ಟಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ 986 ಮೀಟರ್ ಎತ್ತರದ ಇನ್ಆಕ್ಸೆಸಿಬಲ್ ಪಿನ್ನಕಲ್ ಎಂಬ ಶಿಖರವಿದೆ. ನಿಲ್ಲಿಸಿಟ್ಟ ಮಚ್ಚಿನ ಅಲಗಿನಂತಿರುವ ಅಂಥ ಕಲ್ಲನ್ನು ಒಂದು ಮೀಟರಿನ ಚೌಕಗಳಲ್ಲಿ ಹಿಡಿಯಲು ಹೊರಡುವುದು ಬೆಲ್ಲದಚ್ಚಿನಲ್ಲಿ ಸೂಜಿ ಎರಕ ಹೊಯ್ದಂತೆ.

ಕಂಪ್ಯೂಟರ್ ತೆರೆಯುವ ಮೊದಲು

ಮೊದಲು ನಿಶ್ಚಯಿಸಬೇಕಾದದ್ದು, ಯಾವುದನ್ನು ನೆತ್ತಿ ಎಂದು ಒಪ್ಪಿಕೊಳ್ಳುತ್ತೀರಿ ಎಂಬುದು. ದಾರಿಹೋಕರು ಪೇರಿಸಿದ ಕಲ್ಲುಗುಪ್ಪೆ, ಸರ್ವೆ ಕಂಬ, ಗೋಡೆ, ನೀರಿನ ತೊಟ್ಟಿಯ ಏರಿ ಇವನ್ನು ಲೆಕ್ಕಕ್ಕೆ ಹಿಡಿಯದೆ ಸಹಜ ನೆಲದ ಅತ್ಯುನ್ನತ ಬಿಂದುವನ್ನೇ ನೆತ್ತಿ ಎನ್ನುವುದು ಸಾಮಾನ್ಯ ರೂಢಿ. ತೊಡಕು ಬರುವುದು ಹಳೆಯ ಮಣ್ಣುದಿಬ್ಬಗಳಲ್ಲಿ. ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಕಬ್ಬಿಣ ಯುಗದ ಕೋಟೆಗಳ ದಂಡೆಗಳೂ ಅದಕ್ಕಿಂತ ಹಳೆಯ ಸಮಾಧಿ ದಿಬ್ಬಗಳೂ ಇವೆ. ಬರ್ಕ್‌ಶೈರ್‌ನ 297 ಮೀಟರ್ ಎತ್ತರದ ವಾಲ್ಬರಿ ಬೆಟ್ಟದ ತಲೆಯಿಡೀ ಅಂಥದೊಂದು ಕೋಟೆಯ ಆವರಣ. ಎರಡು ಸಾವಿರ ವರ್ಷ ಮಳೆಗಾಳಿಗೆ ಮೈಯೊಡ್ಡಿ ಹುಲ್ಲು ಹೊದ್ದ ದಂಡೆಯನ್ನು ಬೆಟ್ಟದ ಭಾಗವೆನ್ನಬೇಕೆ, ಕಟ್ಟಡವೆನ್ನಬೇಕೆ ಎಂಬುದಕ್ಕೆ ಯಂತ್ರದಲ್ಲಿ ಉತ್ತರವಿಲ್ಲ. ನೀವು ಅನುಸರಿಸುವ ಪಟ್ಟಿಯ ನಿಯಮವನ್ನು ನೋಡಿಕೊಳ್ಳಿ, ಪಟ್ಟಿಯಿಲ್ಲದಿದ್ದರೆ ನಿಮ್ಮ ನಿಯಮವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ಕಂಡಮೇಲೆ ನಿಯಮ ಮಾಡಹೊರಟರೆ ಮನಸ್ಸು ತನಗೆ ಬೇಕಾದ ಕಡೆಗೇ ವಾಲುತ್ತದೆ.

ನಂತರ ಭೂಪಟ ತೆರೆದು, ಅತ್ಯುನ್ನತ ಸಮೋನ್ನತಿ ರೇಖೆಯ ಒಳಗಿರುವ ಎಲ್ಲ ಉಂಗುರಗಳನ್ನೂ, ಹತ್ತಿರದ ಎತ್ತರದ ಗುರುತುಗಳನ್ನೂ ಪಟ್ಟಿ ಮಾಡಿ. ಬೆಟ್ಟಕ್ಕೆ ಎರಡು ಮೂರು ತಲೆಗಳಿದ್ದರೆ ಮುಂದಿನ ಹಂತದಲ್ಲಿ ಅವೆಲ್ಲವನ್ನೂ ಒಳಗೊಳ್ಳುವಷ್ಟು ದತ್ತಾಂಶವನ್ನು ಇಳಿಸಿಕೊಳ್ಳಬೇಕಾಗುತ್ತದೆ.

ದತ್ತಾಂಶ ಇಳಿಸಿಕೊಳ್ಳುವುದು

ಬ್ರಿಟನ್ನಿನ ಸ್ಥಳಸೂಚಿಯನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಕಿಂಡರ್ ಸ್ಕೌಟಿನ ನೆತ್ತಿಯ ಸುತ್ತಲಿನ ಪ್ರದೇಶ ಎಸ್‌ಕೆ 084 875 ಎಂಬ ಸೂಚಿಯ ಆಸುಪಾಸಿನಲ್ಲಿದೆ. ಎಸ್‌ಕೆ ಎಂಬುದು 100 ಕಿಲೋಮೀಟರ್ ಬದಿಯ ದೊಡ್ಡ ಚೌಕದ ಹೆಸರು, ಅದರ ನೈಋತ್ಯ ಮೂಲೆ ಪೂರ್ವಕ್ಕೆ 4,00,000 ಮೀಟರ್, ಉತ್ತರಕ್ಕೆ 3,00,000 ಮೀಟರ್. ನಂತರದ ಮೂರು ಮೂರು ಅಂಕಿಗಳು ಆ ಮೂಲೆಯಿಂದ ಪೂರ್ವಕ್ಕೂ ಉತ್ತರಕ್ಕೂ ಎಷ್ಟು ನೂರು ಮೀಟರ್ ಎಂಬ ಎಣಿಕೆ. ಹಾಗಾಗಿ ನಮ್ಮ ಜಾಗ ಪೂರ್ವಕ್ಕೆ 4,08,400, ಉತ್ತರಕ್ಕೆ 3,87,500 ಮೀಟರ್ ಆಗುತ್ತದೆ. ದತ್ತಾಂಶವನ್ನು 5 ಕಿಲೋಮೀಟರ್ ಬದಿಯ ತುಂಡುಗಳಾಗಿ ಕೊಡುವುದರಿಂದ, ನಮಗೆ ಬೇಕಾದದ್ದು 10 ಕಿಲೋಮೀಟರ್ ಬದಿಯ ಎಸ್‌ಕೆ 08 ಚೌಕದ ಈಶಾನ್ಯ ಕಾಲುಭಾಗ. ಇಂಗ್ಲೆಂಡಿಗೆ ಡೆಫ್ರಾ ಎಂಬ ಪರಿಸರ ಇಲಾಖೆಯ ಸರ್ವೆ ದತ್ತಾಂಶ ತಾಣ, ವೇಲ್ಸಿಗೆ ಡೇಟಾಮ್ಯಾಪ್‌ವೇಲ್ಸ್, ಸ್ಕಾಟ್ಲೆಂಡಿಗೆ ಸ್ಕಾಟಿಷ್ ರಿಮೋಟ್ ಸೆನ್ಸಿಂಗ್ ಪೋರ್ಟಲ್ ಇವೆ. ಸ್ಕಾಟ್ಲೆಂಡಿನ ದತ್ತಾಂಶ ಹಂತಹಂತವಾಗಿ ಬಂದದ್ದಾದ್ದರಿಂದ, ನಿಮಗೆ ಬೇಕಾದ ಬೆಟ್ಟ ಅದರಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಡಿಟಿಎಂ, ಡಿಎಸ್‌ಎಂ ಎರಡನ್ನೂ ಇಳಿಸಿಕೊಳ್ಳಿ. ಬೇರೆ ಬೇರೆ ವರ್ಷಗಳ ಹಾರಾಟಗಳನ್ನು ಹೊಲಿದು ಮಾಡಿದ ಸಂಯುಕ್ತ ಪದರವೂ, ಒಂದೇ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಳಿಗಾಲದಲ್ಲಿ, ಮರಗಳು ಎಲೆ ಉದುರಿಸಿದಾಗ ಅಳೆದ ಪದರವೂ ಸಿಗುತ್ತವೆ. ಸಾಧ್ಯವಾದಾಗಲೆಲ್ಲ ಎರಡನೆಯದನ್ನೇ ಆರಿಸಿ. ಒಂದು ತುದಿಯನ್ನು ಒಂದು ವರ್ಷವೂ ಪಕ್ಕದ ತುದಿಯನ್ನು ಇನ್ನೊಂದು ವರ್ಷವೂ ಅಳೆದಿದ್ದರೆ, ಎರಡರ ನಡುವೆ ಕಾಣುವ ವ್ಯತ್ಯಾಸ ಬೆಟ್ಟದ್ದೋ ಹಾರಾಟದ್ದೋ ಹೇಳಲಾಗುವುದಿಲ್ಲ. ಒಂದು ತುಂಡಿನಲ್ಲಿ ಎರಡೂವರೆ ಕೋಟಿ ಚೌಕಗಳಿರುವುದರಿಂದ ಹಳೆಯ ಲ್ಯಾಪ್‌ಟಾಪ್ ಸ್ವಲ್ಪ ಏದುಸಿರು ಬಿಟ್ಟೀತು.

ಚೌಕಗಳ ನಡುವೆ ನೆತ್ತಿಯನ್ನು ಹುಡುಕುವುದು

ಇದಕ್ಕೆ ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶ ಸಾಕು. ಹೊಸ ಪ್ರಾಜೆಕ್ಟ್ ತೆರೆದು, ಅದರ ನಿರ್ದೇಶಾಂಕ ವ್ಯವಸ್ಥೆಯನ್ನು ಬ್ರಿಟಿಷ್ ನ್ಯಾಷನಲ್ ಗ್ರಿಡ್, ಅಂದರೆ ಇಪಿಎಸ್‌ಜಿ 27700, ಎಂದು ನಿಗದಿಪಡಿಸಿ, ಡಿಟಿಎಂ ಕಡತವನ್ನು ಎಳೆದು ಹಾಕಿ. ಮೊದಲಿಗೆ ಬೂದುಬಣ್ಣದ ಒಂದು ಮುದ್ದೆ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬೆಟ್ಟದ ತಲೆಯ ಭಾಗವನ್ನಷ್ಟೇ ಕತ್ತರಿಸಿಕೊಂಡು, ಪದರದ ಬಣ್ಣಗಳ ವ್ಯಾಪ್ತಿಯನ್ನು ಕೊನೆಯ ಎರಡು ಮೂರು ಮೀಟರಿಗೆ ಬಿಗಿಗೊಳಿಸಿ. ಕಿಂಡರ್‌ನಲ್ಲಿ 634ರಿಂದ 637 ಮೀಟರ್ ಎಂದು ಕೊಟ್ಟರೆ, ಅದುವರೆಗೆ ಚಪ್ಪಟೆಯಾಗಿದ್ದ ಬಯಲಿನಲ್ಲಿ ಕೊರಕಲುಗಳೂ ಅವುಗಳ ನಡುವೆ ಉಳಿದ ಪೀಟ್ ದ್ವೀಪಗಳೂ ಒಮ್ಮೆಗೇ ಮೇಲೆದ್ದು ಕಾಣುತ್ತವೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಡುವ ಗಳಿಗೆ ಇದೇ.

ಇದರ ಮೇಲೆ 20 ಸೆಂಟಿಮೀಟರ್ ಅಂತರದ ಸಮೋನ್ನತಿ ರೇಖೆಗಳನ್ನು ಎಳೆಯಿರಿ. ತಂತ್ರಾಂಶದ ರಾಸ್ಟರ್ ಮೆನುವಿನಲ್ಲಿರುವ ಕಾಂಟೂರ್ ಸಾಧನ ಈ ಕೆಲಸ ಮಾಡುತ್ತದೆ. ಆಮೇಲೆ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ, ಕಂಡುಬಂದ ಗರಿಷ್ಠ ಎತ್ತರಕ್ಕಿಂತ 30 ಸೆಂಟಿಮೀಟರ್ ಕಡಿಮೆಯವರೆಗಿನ ಎಲ್ಲ ಚೌಕಗಳನ್ನೂ ಬೇರ್ಪಡಿಸಿ. ಚೂಪಾದ ಹುಲ್ಲುಬೆಟ್ಟವಾದರೆ ಒಂದೇ ಒಂದು ಪುಟ್ಟ ಗುಂಪು ಉಳಿಯುತ್ತದೆ, ಕೆಲಸ ಅಲ್ಲಿಗೆ ಹಗುರವಾಯಿತು. ಕಿಂಡರ್‌ನಂಥ ಪ್ರಸ್ಥಭೂಮಿಯಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ ಗುಂಪುಗಳು ಉಳಿಯುತ್ತವೆ. ಅವಷ್ಟೂ ನಿಮ್ಮ ಅಭ್ಯರ್ಥಿಗಳು. ಪ್ರತಿಯೊಂದರ ಅತ್ಯುನ್ನತ ಚೌಕದ ಮೇಲೆ ಐಡೆಂಟಿಫೈ ಸಾಧನವನ್ನು ಒತ್ತಿ ಎತ್ತರವನ್ನೂ ನಿರ್ದೇಶಾಂಕವನ್ನೂ ಗುರುತು ಮಾಡಿಕೊಳ್ಳಿ. ಚೌಕದ ಅಂಚುಗಳು ಪೂರ್ಣ ಮೀಟರುಗಳ ಮೇಲೆ ಇರುವುದರಿಂದ ಅದರ ನಡುಬಿಂದು ಅರ್ಧ ಮೀಟರಿನಲ್ಲಿ ಕೊನೆಯಾಗುತ್ತದೆ.

ಅತ್ಯುನ್ನತ ಚೌಕವನ್ನು ಅನುಮಾನದಿಂದ ನೋಡಿ

ಮೊದಮೊದಲು ನಾನು ಗರಿಷ್ಠ ಎತ್ತರದ ಚೌಕ ಸಿಕ್ಕ ಕೂಡಲೇ ಬೂಟು ಕಟ್ಟಿ ಹೊರಡುತ್ತಿದ್ದೆ. ಹಾಗೆ ಹೋದ ಒಂದು ಸಣ್ಣ ಗುಡ್ಡದಲ್ಲಿ ನನ್ನ 'ನೆತ್ತಿ' ಕುರಿಹಟ್ಟಿಯ ಕಲ್ಲುಗೋಡೆಯ ಬುಡವಾಗಿತ್ತು. ಜರಡಿಗೆ ಅದರ ಮೇಲ್ಭಾಗ ಸಿಕ್ಕಿದ್ದರೂ ಕುಸಿದು ಹರಡಿದ ಕಲ್ಲುಗಳ ರಾಶಿ ನೆಲವೆಂದೇ ಉಳಿದುಬಿಟ್ಟಿತ್ತು. ನಿಜವಾದ ನೆತ್ತಿ ಗೋಡೆಯಾಚೆ ನಲವತ್ತು ಹೆಜ್ಜೆ ದೂರದಲ್ಲಿತ್ತು, ನಾನು ಅದನ್ನು ದಾಟಿಯೇ ಬಂದಿದ್ದೆ.

ಅಂದಿನಿಂದ ಮೂರು ಪರೀಕ್ಷೆಗಳನ್ನು ಬಿಡದೆ ಮಾಡುತ್ತೇನೆ. ಮೊದಲನೆಯದು, ಡಿಎಸ್‌ಎಂನಿಂದ ಡಿಟಿಎಂ ಕಳೆಯುವುದು. ಗೋಡೆ, ಕಂಬ, ಕಲ್ಲುಗುಪ್ಪೆ, ಪೊದೆಗಳು ಇರುವಲ್ಲಿ ಉಳಿಕೆ ಸೊನ್ನೆಗಿಂತ ಮೇಲಿರುತ್ತದೆ. ನಿಮ್ಮ ಅಭ್ಯರ್ಥಿ ಚೌಕ ಅಂಥ ಉಳಿಕೆಯ ಅಂಚಿಗೆ ತಾಗಿಕೊಂಡಿದ್ದರೆ ಎಚ್ಚರ ಬೇಕು. ಎರಡನೆಯದು, ನೆರೆಯ ಚೌಕಗಳನ್ನು ನೋಡುವುದು. ಸಹಜ ನೆಲಕ್ಕೆ ಹೆಗಲಿರುತ್ತದೆ, ಸುತ್ತಲಿನ ಎಂಟು ಚೌಕಗಳೂ ಕೆಲವೇ ಸೆಂಟಿಮೀಟರ್ ಕೆಳಗೆ ಒಂದನ್ನೊಂದು ಹೋಲುತ್ತಿರುತ್ತವೆ. ಒಂಟಿ ಚೌಕವೊಂದು ಅರ್ಧ ಮೀಟರ್ ಮೇಲೆದ್ದಿದ್ದರೆ ಅದು ಕಲ್ಲೋ ಕುರಿಯೋ ಇರಬಹುದು, ಹಾಗೆಂದು ಯೋಚಿಸದೆ ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಅದು ನೆಲದಲ್ಲಿ ಬೇರುಬಿಟ್ಟ ನಿಜವಾದ ಬಂಡೆಯೂ ಆಗಿರಬಹುದು. ಮೂರನೆಯದು, ಉಪಗ್ರಹ ಅಥವಾ ವಿಮಾನ ಚಿತ್ರದ ಮೇಲೆ ಅದೇ ಬಿಂದುವನ್ನು ಇಟ್ಟು ಕಣ್ಣಾರೆ ನೋಡುವುದು. ಇದರಿಂದಲೂ ಗೊತ್ತಾಗದಿದ್ದರೆ ಮೂಲ ಬಿಂದುಗಳ ಕಡತವನ್ನೇ ಇಳಿಸಿಕೊಂಡು, ಕ್ಲೌಡ್‌ಕಂಪೇರ್‌ನಂಥ ತಂತ್ರಾಂಶದಲ್ಲಿ ಅಡ್ಡಸೀಳು ಮಾಡಿ ನೋಡಬಹುದು. ಕಂಬವೊಂದು ನೆಲದ ಮೇಲೆ ನಿಂತಿರುವುದು ಅಲ್ಲಿ ಬೆರಳಿಟ್ಟು ತೋರಿಸಿದಷ್ಟು ಸ್ಪಷ್ಟ.

ಪೀಟ್ ನೆಲಕ್ಕೆ ಇನ್ನೊಂದು ತೊಂದರೆಯಿದೆ. ದಟ್ಟ ಹೀದರ್ ಪೊದೆಯನ್ನೂ ಹುಲ್ಲಿನ ಗಡ್ಡೆಗಳನ್ನೂ ಲೇಸರ್ ಪ್ರತಿಸಲವೂ ಪೂರ್ತಿ ತೂರಿ ಹೋಗುವುದಿಲ್ಲ. ಆಗ ಡಿಟಿಎಂ ತೋರಿಸುವ 'ನೆಲ' ನಿಜವಾದ ಮಣ್ಣಿಗಿಂತ ಕೆಲವು ಸೆಂಟಿಮೀಟರ್ ಮೇಲಿರುತ್ತದೆ. ಬರಿಮಣ್ಣಿನ ತುದಿಗೂ ಪೊದೆ ಹೊದ್ದ ತುದಿಗೂ ಸ್ಪರ್ಧೆಯಿದ್ದರೆ ಬರಿಮಣ್ಣಿನದರ ಪರವಾಗಿ ಸ್ವಲ್ಪ ಉದಾರವಾಗಿರುವುದೇ ನ್ಯಾಯ.

ಎಷ್ಟು ವ್ಯತ್ಯಾಸವನ್ನು ನಂಬಬಹುದು

ಈ ದತ್ತಾಂಶದ ಎತ್ತರದ ದೋಷವನ್ನು ಸಾಮಾನ್ಯವಾಗಿ 15 ಸೆಂಟಿಮೀಟರ್ ಎಂದು ಹೇಳುತ್ತಾರೆ. ಅದು ವರ್ಗಗಳ ಸರಾಸರಿಯ ವರ್ಗಮೂಲವಾಗಿ ಹೇಳಿದ ದೋಷ, ಗರಿಷ್ಠ ಮಿತಿಯಲ್ಲ, ಒಂದೊಂದು ಬಿಂದುವಿನಲ್ಲಿ ತಪ್ಪು ಅದಕ್ಕಿಂತ ಹೆಚ್ಚಿರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಹಾರಾಟಗಳ ಎರಡು ಬಿಂದುಗಳನ್ನು ಹೋಲಿಸಿದರೆ ವ್ಯತ್ಯಾಸದ ದೋಷ ಸುಮಾರು 21 ಸೆಂಟಿಮೀಟರಿಗೆ ಏರುತ್ತದೆ. ಒಂದೇ ಹಾರಾಟದಲ್ಲಿ, ಒಂದಕ್ಕೊಂದು ಹತ್ತಿರದಲ್ಲಿರುವ ಎರಡು ತುದಿಗಳ ಮಾತು ಬೇರೆ. ವಿಮಾನದ ಸ್ಥಾನದಲ್ಲಿ ಆದ ತಪ್ಪು ಎರಡನ್ನೂ ಒಂದೇ ರೀತಿ ಮೇಲೆತ್ತುವುದರಿಂದ ಅಥವಾ ಇಳಿಸುವುದರಿಂದ, ಕಳೆದಾಗ ಅದರ ಬಹುಪಾಲು ವಜಾ ಆಗುತ್ತದೆ. ಆದ್ದರಿಂದ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದಕ್ಕಿಂತ, ಎರಡರಲ್ಲಿ ಯಾವುದು ಎತ್ತರ ಎಂಬ ಪ್ರಶ್ನೆಗೆ ಲಿಡಾರ್ ಹೆಚ್ಚು ನೆಚ್ಚುವಂಥ ಉತ್ತರ ಕೊಡುತ್ತದೆ. ಒಂದೇ ಬಗೆಯ ನೆಲದಲ್ಲಿ ಅರ್ಧ ಮೀಟರ್ ವ್ಯತ್ಯಾಸ ಕಂಡರೆ ನಾನು ತೀರ್ಮಾನ ಮಾಡಿಬಿಡುತ್ತೇನೆ, 10 ಸೆಂಟಿಮೀಟರ್ ಆದರೆ ಎರಡೂ ಕಡೆ ಹೋಗುತ್ತೇನೆ.

ಪಟ್ಟಿಯ ಗಡಿಯಲ್ಲಿ ನಿಂತ ಬೆಟ್ಟಗಳಿಗೆ ಇಷ್ಟು ಸಾಲದು. ಸ್ಕಾಟ್ಲೆಂಡಿನ ಮನ್ರೊ ಪಟ್ಟಿಗೆ ಬೇಕಾದ ಎತ್ತರ 3,000 ಅಡಿ, ಅಂದರೆ 914.4 ಮೀಟರ್. ಸ್ಗುರ್ ನಾನ್ ಕೆಯಾನಿಖೆನ್ ಎಂಬ ಬೆಟ್ಟವನ್ನು ಉಪಗ್ರಹ ಆಧಾರಿತ ನಿಖರ ಸರ್ವೆ ಉಪಕರಣದಿಂದ ಅಳೆದಾಗ 913.43 ಮೀಟರ್ ಬಂದು, 2009ರಲ್ಲಿ ಅದು ಪಟ್ಟಿಯಿಂದ ಹೊರಬಿತ್ತು. ಸುಮಾರು ಒಂದು ಮೀಟರಿನ ಅಂಥ ಕೊರತೆಯನ್ನು ಇಂದು ಒಳ್ಳೆಯ ಲಿಡಾರ್ ಪದರವೇ ಸೂಚಿಸಬಲ್ಲದು. ಕಂಬ್ರಿಯಾದ ಕಾಫ್ ಟಾಪ್ ಬೆಟ್ಟದ ಕಥೆ ಹಾಗಲ್ಲ. ಅಲ್ಲಿ ಪಟ್ಟಿಯ ಗಡಿ 2,000 ಅಡಿ, ಅಂದರೆ 609.6 ಮೀಟರ್. 2010ರ ಸರ್ವೆಯಲ್ಲಿ ಆ ಬೆಟ್ಟ ಸುಮಾರು 2 ಸೆಂಟಿಮೀಟರಿನಿಂದ ಆ ಗಡಿಯನ್ನು ತಪ್ಪಿಸಿಕೊಂಡಿತ್ತು. ಉಪಗ್ರಹದ ಅಳತೆಯನ್ನು ಸಮುದ್ರಮಟ್ಟದ ಎತ್ತರಕ್ಕೆ ಪರಿವರ್ತಿಸುವ ಮಾದರಿಯನ್ನು ಆರ್ಡ್‌ನೆನ್ಸ್ ಸರ್ವೆ ಪರಿಷ್ಕರಿಸಿದ ಮೇಲೆ, 2016ರಲ್ಲಿ ಅದೇ ಅಳತೆ 609.606 ಮೀಟರ್ ಆಯಿತು, ಬೆಟ್ಟ 6 ಮಿಲಿಮೀಟರಿನಿಂದ ಗಡಿ ದಾಟಿತು. ನೆಲ ಒಂದಿಂಚೂ ಕದಲಿರಲಿಲ್ಲ. ಬ್ರಿಟನ್ನಿನ ಮುಖ್ಯ ಭೂಭಾಗದ ಎತ್ತರಗಳನ್ನೆಲ್ಲ ಕಾರ್ನ್‌ವಾಲಿನ ನ್ಯೂಲಿನ್ ಬಂದರಿನಲ್ಲಿ 1915ರಿಂದ 1921ರವರೆಗೆ ಅಳೆದ ಸರಾಸರಿ ಸಮುದ್ರಮಟ್ಟದಿಂದ ಎಣಿಸುತ್ತಾರೆ. ಆ ಸೊನ್ನೆಗೂ ಉಪಗ್ರಹಕ್ಕೂ ನಡುವಿನ ಲೆಕ್ಕ ತಿದ್ದಿದಾಗ ಬೆಟ್ಟಗಳ ಅಂಕಿಗಳೂ ತಿದ್ದಿಕೊಳ್ಳುತ್ತವೆ. ಇಂಥ ವ್ಯಾಜ್ಯಗಳಲ್ಲಿ ಲಿಡಾರ್ ಸಾಕ್ಷಿಯಾಗಬಹುದೇ ಹೊರತು ನ್ಯಾಯಾಧೀಶನಾಗಲಾರದು.

ಇದೇ ಪದರದಿಂದ ಬೆಟ್ಟದ ಸಾಪೇಕ್ಷ ಎತ್ತರವನ್ನೂ ಲೆಕ್ಕ ಹಾಕಬಹುದು. 1992ರಲ್ಲಿ ಅಲನ್ ಡಾಸನ್ ರೂಪಿಸಿದ ಮ್ಯಾರಿಲಿನ್ ಪಟ್ಟಿಗೆ ಸೇರಲು ಬೆಟ್ಟವು ಸುತ್ತಲಿನ ನೆಲದಿಂದ 150 ಮೀಟರ್ ಎದ್ದಿರಬೇಕು. ಅದಕ್ಕಾಗಿ ನೆತ್ತಿಯ ಜೊತೆಗೆ, ಎತ್ತರದ ಇನ್ನೊಂದು ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕುದುರೆಯ ಜೀನಿನಂತೆ ತಗ್ಗಿದ ಸ್ಥಳವನ್ನೂ ಹುಡುಕಬೇಕು. ಅಲ್ಲಿ ರಸ್ತೆ ಕಡಿದಿದ್ದರೆ ಅಥವಾ ರೈಲುಹಳಿಯ ಏರಿ ಹಾಕಿದ್ದರೆ ಮತ್ತೆ ಸಹಜ ನೆಲದ ಪ್ರಶ್ನೆ ಎದುರಾಗುತ್ತದೆ.

ಬೆಟ್ಟದ ಮೇಲೆ

ಅಭ್ಯರ್ಥಿ ಬಿಂದುಗಳನ್ನು ಜಿಪಿಎಸ್ ಸಾಧನಕ್ಕೆ ಅಥವಾ ಫೋನಿಗೆ ಹಾಕುವಾಗ ನಿರ್ದೇಶಾಂಕ ವ್ಯವಸ್ಥೆಯ ಮೇಲೆ ಕಣ್ಣಿರಲಿ. ಬ್ರಿಟನ್ನಿನ ಹಳೆಯ ವ್ಯವಸ್ಥೆಯ ಅಕ್ಷಾಂಶ ರೇಖಾಂಶಗಳನ್ನು ಜಿಪಿಎಸ್‌ನ ವ್ಯವಸ್ಥೆಯದ್ದೆಂದು ಭಾವಿಸಿದರೆ ನೂರು ಮೀಟರಿನ ಆಸುಪಾಸಿನಷ್ಟು ದೂರ ಹೋಗಿ ನಿಲ್ಲುತ್ತೀರಿ. ಸರಳ ಸೂತ್ರದಿಂದ ಪರಿವರ್ತಿಸಿದರೂ 5 ಮೀಟರಿನವರೆಗೆ ತಪ್ಪು ಉಳಿಯಬಹುದು. ಓಎಸ್‌ಟಿಎನ್ 15 ಎಂಬ ಅಧಿಕೃತ ಪರಿವರ್ತನೆಯನ್ನು ಬಳಸುವುದು ಸರಿಯಾದ ದಾರಿ. ಇಷ್ಟಾದಮೇಲೂ ಕೈಯಲ್ಲಿನ ಸಾಧನ ತೆರೆದ ಬಯಲಿನಲ್ಲಿ 3ರಿಂದ 5 ಮೀಟರ್ ಆಚೀಚೆ ತೋರಿಸುವುದು ಸಹಜ, ಆದ್ದರಿಂದ ಅದು ತೋರಿಸಿದ ಜಾಗದಲ್ಲಿ ನಿಂತು, ಸುತ್ತಲಿನ ಹತ್ತು ಮೀಟರನ್ನು ನೋಡಿ, ಕಣ್ಣಿಗೂ ಕಾಲಿಗೂ ಎತ್ತರವೆನಿಸುವ ತಾಣವನ್ನು ಆರಿಸಿಕೊಳ್ಳಿ. ಲಿಡಾರ್ ಚಿತ್ರದ ಒಂದು ಮುದ್ರಿತ ಪ್ರತಿ ಜೇಬಿನಲ್ಲಿದ್ದರೆ, ಕೊರಕಲುಗಳ ಆಕಾರವನ್ನು ತಾಳೆ ನೋಡಿ ನೀವು ನಿಂತ ಪೀಟ್ ದ್ವೀಪ ಯಾವುದೆಂದು ಗುರುತಿಸಬಹುದು.

ಎರಡು ತುದಿಗಳ ನಡುವಿನ ಜಗಳ ಬಗೆಹರಿಯದಿದ್ದರೆ ಮಟ್ಟ ಹಿಡಿಯುವುದೊಂದೇ ಉಪಾಯ. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಕಾಲೇಜಿನ ಡಂಪಿ ಲೆವೆಲ್ಲೂ (ಮಟ್ಟ ನೋಡುವ ದುರ್ಬೀನು) ಸ್ಟಾಫೂ (ಅಂಕಿ ಬರೆದ ಅಳತೆಗೋಲು) ನೆನಪಿರುತ್ತವೆ. ಉಪಕರಣವನ್ನು ಎರಡೂ ತುದಿಗಳಿಂದ ಸಮದೂರದಲ್ಲಿ ನಿಲ್ಲಿಸಿ ಎರಡು ಕಡೆಯ ಅಂಕಿಗಳನ್ನು ಓದಿ ಕಳೆದರೆ, ಉಪಕರಣದ ದೋಷವೂ ಭೂಮಿಯ ಬಾಗುವಿಕೆಯೂ ಪರಸ್ಪರ ರದ್ದಾಗುತ್ತವೆ. ಇದನ್ನು ಮಾಡದೆ ಒಂದು ತುದಿಯಿಂದಲೇ 500 ಮೀಟರ್ ದೂರದ ಇನ್ನೊಂದನ್ನು ನೋಡಿದರೆ ಬಾಗುವಿಕೆಯೊಂದೇ ಸುಮಾರು 2 ಸೆಂಟಿಮೀಟರ್ ತಪ್ಪು ತರುತ್ತದೆ. ತುದಿಗಳು ಹತ್ತಿಪ್ಪತ್ತು ಮೀಟರ್ ಅಂತರದಲ್ಲಿದ್ದರೆ ನಮ್ಮ ಊರಿನ ಗಾರೆ ಕೆಲಸದವರು ನೀರು ತುಂಬಿ ಬಳಸುವ ಪಾರದರ್ಶಕ ಲೆವೆಲ್ ಪೈಪೇ ಸಾಕು. ಗಾಳಿಗುಳ್ಳೆ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಅದರಷ್ಟು ಅಗ್ಗದ, ಪ್ರಾಮಾಣಿಕ ಸಾಧನ ಇನ್ನೊಂದಿಲ್ಲ.

ಕಿಂಡರ್ ಸ್ಕೌಟಿಗೆ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ರೈಲುದಾರಿಯ ಈಡೇಲ್ ನಿಲ್ದಾಣದಲ್ಲಿ ಇಳಿದು ಹತ್ತಬಹುದು. ಪೆನ್ನೈನ್ ವೇ ಕಾಲುದಾರಿ ಕಿಂಡರ್ ಲೋ ಮೂಲಕವೇ ಹಾದುಹೋಗುತ್ತದೆ. ಅದನ್ನು ಬಿಟ್ಟು ಪ್ರಸ್ಥಭೂಮಿಯ ಒಳಗೆ ಹೊರಟರೆ ಕೊರಕಲುಗಳಲ್ಲಿ ಇಳಿದು ಹತ್ತಿ, ದಿಕ್ಕು ತಪ್ಪುವುದು ಬಹಳ ಸುಲಭ. ಮಂಜು ಕವಿದ ದಿನ ಫೋನೊಂದನ್ನೇ ನೆಚ್ಚದೆ ದಿಕ್ಸೂಚಿಯನ್ನೂ ಜೊತೆಗಿಟ್ಟುಕೊಳ್ಳಿ. ಬರಿ ಪೀಟ್ ಮೇಲೆ ಆದಷ್ಟು ಕಡಿಮೆ ತುಳಿಯಿರಿ, ಸವೆದ ಆ ನೆಲವನ್ನು ಮತ್ತೆ ಹಸಿರು ಮಾಡುವ ಕೆಲಸ ವರ್ಷಗಳಿಂದ ನಡೆಯುತ್ತಿದೆ.

ನಮ್ಮ ಬೆಟ್ಟಗಳಿಗೆ ಈ ಕ್ರಮವನ್ನು ಹೀಗೆಯೇ ಅನ್ವಯಿಸಲು ಹೊರಟರೆ ಚೌಕದ ಗಾತ್ರವೇ ಅಡ್ಡಬರುತ್ತದೆ. ಎಲ್ಲರಿಗೂ ಸುಲಭವಾಗಿ ಸಿಗುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ದತ್ತಾಂಶ ಮತ್ತು ಇಸ್ರೊದ ಭುವನ್ ತಾಣದಲ್ಲಿರುವ ಕಾರ್ಟೊಡೆಮ್ ಎಂಬ ಎತ್ತರದ ದತ್ತಾಂಶ. ಇವುಗಳ ಚೌಕ ಸುಮಾರು 30 ಮೀಟರಿನದು. ಮುಳ್ಳಯ್ಯನಗಿರಿಯ ನೆತ್ತಿಯ ದೇವಸ್ಥಾನವೂ ಅದರ ಮೆಟ್ಟಿಲುಗಳ ಕೊನೆಯ ಭಾಗವೂ ಬೆಟ್ಟದ ಇಳಿಜಾರೂ ಕೂಡಿ ಅಂಥ ಒಂದೆರಡು ಚೌಕಗಳಲ್ಲಿ ಕಲಸಿಹೋಗುತ್ತವೆ, ಬಂದ ಎತ್ತರ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಯಾವ ಬೆಟ್ಟ ಹೆಚ್ಚು ಎತ್ತರ ಎಂಬ ಒರಟು ಅಂದಾಜಿಗೆ ಅದು ಆದೀತು, ನೆತ್ತಿಯಲ್ಲಿ ಯಾವ ಕಲ್ಲು ಎಂಬುದಕ್ಕೆ ಆಗದು.

ಕೊನೆಯಲ್ಲಿ ದಾಖಲೆ. ಹತ್ತು ಅಂಕಿಯ ಸ್ಥಳಸೂಚಿ, ಒಂದು ದಶಮಾಂಶದವರೆಗಿನ ಎತ್ತರ, ಯಾವ ಪದರ, ಯಾವ ವರ್ಷದ ಹಾರಾಟ, ಸ್ಥಳದಲ್ಲಿ ಕಂಡದ್ದೇನು, ಸೋತ ಅಭ್ಯರ್ಥಿಗಳು ಯಾವುವು ಎಂಬುದನ್ನೆಲ್ಲ ಬರೆದಿಡಿ. ಮಿಲಿಮೀಟರುಗಳನ್ನು ಬರೆಯಬೇಡಿ, ಕಡತದಲ್ಲಿ ಮೂರು ದಶಮಾಂಶಗಳಿದ್ದ ಮಾತ್ರಕ್ಕೆ ಅವು ಅಳತೆಯಾಗುವುದಿಲ್ಲ. ಹಾರಾಟದ ವರ್ಷವನ್ನಂತೂ ಮರೆಯಲೇಬೇಡಿ: ಪೀಟ್ ನೆಲ ಮಳೆಗೆ ಕೊಚ್ಚಿಹೋಗುತ್ತದೆ, ಮುಂದಿನ ಹಾರಾಟದ ಹೊತ್ತಿಗೆ ನೀವು ನಿಂತ ದ್ವೀಪ ಎರಡನೆಯ ಸ್ಥಾನಕ್ಕೆ ಇಳಿದಿರಬಹುದು.